ಗುಜರಿ ಅತ್ತೆ ಕೊಟ್ಟ ಹಿತ್ತಲು

ಗುಜರಿ ಅತ್ತೆಗೆ ಸ್ವಂತ ಸೊಸೆ ಒಬ್ಬಳೇ, ಆದರೆ ಇಡೀ ಬೀದಿಗೆ ಅವಳು ಅತ್ತೆ. ಅವಳಿಗಿಂತ ಎರಡು ವರ್ಷ ದೊಡ್ಡವರಾದ ಮಸೀದಿಯ ಮುತವಲ್ಲಿಗಳೂ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆದಾಗಲೆಲ್ಲ ಅವಳು, “ನನಗಿನ್ನೂ ಅಷ್ಟು ವಯಸ್ಸಾಗಿಲ್ಲ, ಮೊದಲು ನಿಮ್ಮ ಗಡ್ಡ ನೋಡ್ಕೊಳ್ಳಿ” ಎನ್ನುವಳು. ಗುಜರಿ ಎಂಬುದು ಕಸುಬಿನಿಂದ ಅಂಟಿಕೊಂಡ ಹೆಸರು. ಮೂವತ್ತೆಂಟು ವರ್ಷಗಳಿಂದ ಆ ಬೀದಿಯ ಹಳೇ ಕಾಗದ, ಬಾಟ್ಲಿ, ತಗಡು, ಪ್ಲಾಸ್ಟಿಕ್ಕು ಎಲ್ಲವೂ ಅವಳ ಕೈಯಿಂದಲೇ ದಾಟಿಹೋಗಿವೆ. ಯಾರ ಮನೆಯಲ್ಲಿ ಯಾವ ಕಾಯಿಲೆಗೆ ಯಾವ ಔಷಧಿ, ಯಾರು ಸಕ್ಕರೆ ಬಿಟ್ಟೆವೆಂದು ಹೇಳಿ ಕದ್ದು ಮಿಠಾಯಿ ತಿನ್ನುತ್ತಾರೆ, ಎಲ್ಲ ಅವಳಿಗೆ ಗೊತ್ತು. ಗೊತ್ತಿದ್ದೂ ಒಂದು ದಿನವೂ ಒಬ್ಬರ ವಿಷಯ ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ. ಅಷ್ಟು ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಅವಳಿಗೆ ಅನ್ನ ಹೇಗೆ ಜೀರ್ಣವಾಗುತ್ತಿತ್ತೋ ದೇವರೇ ಬಲ್ಲ.

ಅವಳ ರಾಜ್ಯವೆಲ್ಲ ಮನೆಯ ಹಿಂದಿನ ಹಿತ್ತಲಿನಲ್ಲಿತ್ತು. ಗಂಡ ಬಿಟ್ಟುಹೋದ ಆಸ್ತಿ ಎಂದರೆ ಎರಡು ಕೋಣೆಯ ಮನೆ ಮತ್ತು ಈ ಹಿತ್ತಲು. ಮನೆ ಸಣ್ಣದು, ಹಿತ್ತಲು ದೊಡ್ಡದು. ಉದ್ದಕ್ಕೂ ತಗಡಿನ ಚಪ್ಪರ. ಅದರ ಕೆಳಗೆ ಗೋಣಿ ಹಾಸಿಕೊಂಡು ಅತ್ತೆಯ ಜೊತೆ ಇನ್ನೂ ಐದು ಜನ ಹೆಂಗಸರು ಸಾಲಾಗಿ ಕೂರುತ್ತಿದ್ದರು. ಒಬ್ಬೊಬ್ಬಳಿಗೆ ಒಂದೊಂದು ವಸ್ತು. ಒಬ್ಬಳು ಕಾಗದ, ಒಬ್ಬಳು ತಗಡು, ಬಾಟ್ಲಿಯಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ದಪ್ಪ ದನಿಯವಳು ಗಾಜು. ಬೆಳಿಗ್ಗೆ ಎರಡು ಕೈಗಾಡಿ ಮನೆಮನೆಯಿಂದ ಕಸ ತರುತ್ತಿದ್ದವು. ಅಡುಗೆಮನೆಯ ಹಸಿ ಕಸ ಹಿಂಬದಿಯ ಇಟ್ಟಿಗೆ ತೊಟ್ಟಿಗಳಿಗೆ ಹೋಗಿ ಮೂರು ತಿಂಗಳಲ್ಲಿ ಕಪ್ಪು ಗೊಬ್ಬರವಾಗಿ ಹೊರಬರುತ್ತಿತ್ತು. ಸಸಿ ಮಾರುವವನು ಬಂದು ಒಯ್ಯುತ್ತಿದ್ದ. ಒಣ ಕಸ ಚೀಲಚೀಲವಾಗಿ ಬೇರೆಯಾಗಿ ಕಾರ್ಖಾನೆಗಳ ದಾರಿ ಹಿಡಿಯುತ್ತಿತ್ತು. ಬೀದಿಯ ಮೂಲೆಯಲ್ಲಿ ಮೊದಲೊಂದು ಕಸದ ಗುಡ್ಡೆ ಇತ್ತು, ಮೂಗು ಹಿಡಿಯದೆ ಯಾರೂ ದಾಟುತ್ತಿರಲಿಲ್ಲ. ಈಗ ಅಲ್ಲೊಂದು ಕಲ್ಲುಬೆಂಚು ಹಾಕಿದ್ದಾರೆ. ಸಂಜೆ ಅದರ ಮೇಲೆ ಕೂತು ಲೋಕದ ಕೊಳಕಿನ ಬಗ್ಗೆ ಮಾತಾಡುವ ಗಂಡಸರಿಗೆ ಆ ಬೆಂಚು ಎಲ್ಲಿಂದ ಬಂತೆಂಬ ನೆನಪೇ ಇಲ್ಲ.

ಐದು ಜನರೂ ಮೊದಲು ಊರಾಚೆಯ ಕಸದ ರಾಶಿಯ ಮೇಲೆ ಆಯುತ್ತಿದ್ದವರು. ಅಲ್ಲಿ ನೆರಳಿಲ್ಲ, ಕುಡಿಯಲು ನೀರಿಲ್ಲ. ಒಬ್ಬೊಬ್ಬರನ್ನಾಗಿ ಅತ್ತೆ ಇಲ್ಲಿಗೆ ಕರೆತಂದಿದ್ದಳು. ಅವರಿಗೆ ಈ ಚಪ್ಪರ ಎಂದರೆ ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ; ಮದುವೆಯಾಗಿ ಬರುವ ಮೊದಲು ಅವಳೂ ಅದೇ ರಾಶಿಯ ಮೇಲೆ ಬೆಳೆದವಳು.

ಇಷ್ಟೆಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಅವಳ ಮಗ ಚಪ್ಪರದ ತಗಡು ಬಿಗಿಮಾಡಲು ಬಂದ. ಮರದ ಸಾಮಾನಿಗೆ ಪಾಲಿಶ್ ಹಾಕುವ ಕೆಲಸ ಅವನದು. ಹೆಂಡತಿಯೊಂದಿಗೆ ಊರಿನ ಇನ್ನೊಂದು ತುದಿಯಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದ. ಒಳ್ಳೆಯ ಮಗ, ವಾರಕ್ಕೆರಡು ಸಲ ಬಂದು ತಾಯಿಯನ್ನು ನೋಡಿಕೊಂಡು ಹೋಗುವವನು. ಅವನಲ್ಲಿದ್ದ ಒಂದೇ ಐಬು ಎಂದರೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಏಣಿ ಹಿಡಿದು ನಿಂತಿದ್ದ ಅತ್ತೆ ಸುಮ್ಮನೆ ಮಾತಿಗೆಂದು ಕೇಳಿದಳು.

“ನನ್ನ ನಂತರ ಇದನ್ನ ಏನು ಮಾಡ್ತೀಯೋ?”

ಮಗ ಮೊಳೆಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದ. ಅದನ್ನು ತೆಗೆದು, “ನಿಜ ಹೇಳಲಾ, ನಿನಗೆ ಸಮಾಧಾನ ಆಗೋ ಹಾಗೆ ಹೇಳಲಾ?” ಎಂದ.

“ಸಮಾಧಾನ ಆಗೋ ಹಾಗೆ ಹೇಳೋಕೆ ನಿನಗೆಲ್ಲಿ ಬರುತ್ತೆ. ನಿಜಾನೇ ಹೇಳು.”

“ಮಾರ್ತೀನಮ್ಮ. ಈ ವಾಸನೆ ನನಗೂ ಆಗಲ್ಲ, ಅವಳಿಗೂ ಆಗಲ್ಲ. ನೀನಿದ್ದೀಯ ಅಂತ ಬರ್ತೀನಿ. ನೀನಿಲ್ಲದೆ ಇದನ್ನ ನಡೆಸೋದು ನನ್ನ ಕೈಲಾಗಲ್ಲ.”

“ಇವರೆಲ್ಲ?”

ಚಪ್ಪರದ ಕೆಳಗೆ ಐದು ಜನರ ಕೈ ಒಮ್ಮೆಗೇ ನಿಂತಿತು. ಮಗ ಮೊಳೆಯನ್ನು ತಗಡಿಗಿಟ್ಟು ಸುತ್ತಿಗೆ ಎತ್ತಿಕೊಂಡ. ಅತ್ತೆಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಬೈದು ಹಗುರಾಗಬಹುದಿತ್ತು. ಬಂದದ್ದು ಹೆದರಿಕೆ. ತನ್ನ ಉಸಿರು ನಿಂತ ಮರುತಿಂಗಳೇ ಈ ಐವರೂ ಗೋಣಿ ಸುತ್ತಿಕೊಂಡು ಆ ರಾಶಿಗೆ ವಾಪಸು ಹೋಗುವುದು ಅವಳ ಕಣ್ಣಿಗೆ ಕಟ್ಟಿತು. ಅವತ್ತು ತಟ್ಟೆಯ ಮುಂದೆ ಕೂತು ಬರೀ ಬೆರಳಾಡಿಸಿ ಎದ್ದಳು.

ಎರಡು ದಿನ ಯೋಚಿಸಿದಳು. ಮೂರನೆಯ ದಿನ ಶುಕ್ರವಾರ. ಒಗೆದ ಬಟ್ಟೆ ಉಟ್ಟು, ಕೈಯನ್ನು ಮೂರು ಸಲ ಸಾಬೂನು ಹಾಕಿ ತೊಳೆದು, ನಮಾಜು ಮುಗಿಯುವ ಹೊತ್ತಿಗೆ ಮಸೀದಿಯ ಕಚೇರಿ ಕೋಣೆಯ ಮುಂದೆ ಹೋಗಿ ನಿಂತಳು.

ಮಸೀದಿಯ ಆಸ್ತಿಪಾಸ್ತಿ ನೋಡಿಕೊಳ್ಳುವ ಮುತವಲ್ಲಿಗಳು ಕಸುಬಿನಿಂದ ಗಡಿಯಾರ ರಿಪೇರಿಯವರು. ಒಂದು ಧೂಳಿನ ಕಣ ಕಂಡರೂ ಉಫ್ ಎಂದು ಊದುವ ಅಭ್ಯಾಸ. ಕೋಣೆಯ ಮೇಜಿನ ಮೇಲೆ ಒಂದು ಪೆನ್ನು ಓರೆಯಾಗಿದ್ದರೆ ಅವರಿಗೆ ಮಾತು ಹೊರಡುತ್ತಿರಲಿಲ್ಲ. ಪಕ್ಕದ ಕಿಟಕಿಯ ಬಳಿ ಹೊಸದಾಗಿ ಬಂದ ಎಳೆಯ ಮೌಲ್ವಿಗಳು ಕೂತಿದ್ದರು.

“ನನ್ನ ಹಿತ್ತಲನ್ನ ವಕ್ಫ್ ಮಾಡಬೇಕು” ಎಂದಳು ಅತ್ತೆ, ಪೀಠಿಕೆಯಿಲ್ಲದೆ.

ವಕ್ಫ್ ಎಂದರೆ ಕೊಟ್ಟು ಕೈಬಿಡುವುದು. ದೇವರ ಹೆಸರಿಗೆ ಒಮ್ಮೆ ಬಿಟ್ಟ ಮೇಲೆ ಆ ಜಾಗವನ್ನು ಮಾರುವ ಹಾಗಿಲ್ಲ, ಇನಾಮು ಕೊಡುವ ಹಾಗಿಲ್ಲ, ಮಕ್ಕಳು ಪಾಲು ಕೇಳುವ ಹಾಗಿಲ್ಲ. ಜಾಗ ಹಾಗೆಯೇ ಇದ್ದು, ಅದರಿಂದಾಗುವ ಉಪಕಾರ ಮಾತ್ರ ಜನಕ್ಕೆ ಸಲ್ಲುತ್ತಿರಬೇಕು. ಮುತವಲ್ಲಿಗಳ ಮುಖ ಅರಳಿತು. ಮಕ್ಕಳ ಪಾಠಕ್ಕೆ ಕೋಣೆ ಸಾಲದೆಂದು ಅವರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದರು.

“ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಅತ್ತೆ. ಅಷ್ಟು ಜಾಗದಲ್ಲಿ ನಾಲ್ಕು ಕೋಣೆ ಆರಾಮಾಗಿ ಬರುತ್ತೆ.”

“ಕೋಣೆ ಗೀಣೆ ಏನೂ ಬೇಡ. ಈಗೇನಿದೆಯೋ ಅದೇ ಇರಬೇಕು. ಕಸಕ್ಕೆ ಅಂತಲೇ ಕೊಡ್ತಿದೀನಿ.”

ಮುತವಲ್ಲಿಗಳು ಮೇಜಿನ ಮೇಲೆ ಇಲ್ಲದ ಧೂಳನ್ನು ಊದಿದರು. ಅವರು ಕೆಟ್ಟವರಲ್ಲ, ಆದರೆ ಮಸೀದಿಯ ಬೀರುವಿನಲ್ಲಿ ಬಾವಿಯ ಕಾಗದ, ಸ್ಮಶಾನದ ಕಾಗದ, ತೋಟದ ಕಾಗದ ಇರುವ ಜಾಗದಲ್ಲಿ ಕಸದ ಕಾಗದವನ್ನೂ ಇಡುವುದು ಅವರ ಮನಸ್ಸಿಗೆ ಒಗ್ಗಲಿಲ್ಲ.

“ಅದು ಹಾಗಲ್ಲ ಅತ್ತೆ. ವಕ್ಫ್ ಅಂದ್ರೆ ಶಾಶ್ವತವಾಗಿ ಉಳಿಯೋ ವಿಷಯ ಆಗಬೇಕು. ಬಾವಿ ಉಳಿಯುತ್ತೆ, ತೋಟ ಉಳಿಯುತ್ತೆ. ಕಸ ಉಳಿಯುತ್ತಾ?”

“ಬಾವಿ ಬತ್ತಿದ್ದು ನೋಡಿದೀನಿ. ತೋಟ ಒಣಗಿದ್ದೂ ನೋಡಿದೀನಿ” ಎಂದಳು ಅತ್ತೆ. “ಈ ಬೀದೀಲಿ ಕಸ ಇಲ್ಲದ ದಿನ ಒಂದು ತೋರಿಸಿ ಮುತವಲ್ಲಿಗಳೇ, ನಾನು ಈಗಲೇ ಎದ್ದು ಮನೆಗೆ ಹೋಗ್ತೀನಿ.”

ಕಿಟಕಿಯ ಬಳಿ ಮೌಲ್ವಿಗಳಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಕೆಮ್ಮು ಮುಗಿಸಿ, ಉಳಿಯಬೇಕಾದದ್ದು ಜಾಗ, ಜಾಗವಂತೂ ಉಳಿಯುತ್ತದೆ ಎಂದರು. ಬೀದಿ ಚೊಕ್ಕವಾಗಿರುವುದು ಎಲ್ಲರಿಗೂ ಉಪಕಾರ, ಬಡ ಹೆಂಗಸರ ಅನ್ನ ಅದರ ಮೇಲಿನ ಉಪಕಾರ. ಇದರಲ್ಲಿ ತಪ್ಪೇನೂ ತಮಗೆ ಕಾಣುವುದಿಲ್ಲ ಎಂದರು. ಹೋದ ವಾರವಷ್ಟೇ ಅವರು, ದಾರಿಯಲ್ಲಿ ಬಿದ್ದ ಮುಳ್ಳನ್ನು ಬದಿಗೆ ಸರಿಸುವುದೂ ದಾನವೇ ಎಂದು ಉಪದೇಶ ಮಾಡಿದ್ದರು. ಅತ್ತೆ ಅದನ್ನು ನೆನಪಿಸುವ ಮೊದಲು ತಾವೇ ನೆನಪಿಸಿಕೊಂಡದ್ದು ಅವರ ಜಾಣತನ.

ತತ್ತ್ವ ಮುಗಿದ ಮೇಲೆ ಕಾಗದ ಬರೆಯುವ ಜಗಳ. ಮುತವಲ್ಲಿಗಳು ತಮ್ಮ ಮುತ್ತಿನಂಥ ಅಕ್ಷರದಲ್ಲಿ ‘ನಗರ ನೈರ್ಮಲ್ಯ ಸೇವಾ ಕಾರ್ಯಾರ್ಥವಾಗಿ’ ಎಂದು ಬರೆದು ಓದಿ ತೋರಿಸಿದರು. ಅತ್ತೆ ತಲೆಯಾಡಿಸಿದಳು.

“ಇದನ್ನ ಕೇಳಿದ ಹೆಂಗಸು ಇದ್ಯಾವುದೋ ಡಾಕ್ಟರ ಮನೆ ಅಂದ್ಕೊಂಡು ವಾಪಸ್ ಹೋಗ್ತಾಳೆ. ಕಸ ಅಂತ ಬರೀರಿ.”

“ದೇವರ ಕಾಗದದಲ್ಲಿ ಕಸ ಅನ್ನೋ ಮಾತು ಚೆನ್ನಾಗಿರುತ್ತಾ?”

“ದೇವರಿಗೆ ಗೊತ್ತಿಲ್ಲದ ಮಾತಾ ಅದು?”

ಮೂರು ಹಾಳೆ ಹರಿದ ಮೇಲೆ ನಾಲ್ಕನೆಯದು ಅತ್ತೆ ಹೇಳಿದಂತೆ ಆಯಿತು. ಕಸ ವಿಂಗಡಿಸಿ ಬದುಕುವ ಯಾವ ಹೆಂಗಸು ಬಂದರೂ ಅವಳಿಗೆ ಇಲ್ಲಿ ನೆರಳು, ನೀರು, ಕೂರಲು ಜಾಗ ಕೊಡಬೇಕು; ಯಾರ ಮಗಳು, ಯಾರ ಹೆಂಡತಿ, ಯಾವ ಜಾತಿ ಎಂದು ಕೇಳಬಾರದು; ಗೊಬ್ಬರದಿಂದ ಬಂದದ್ದು ಚಪ್ಪರದ ರಿಪೇರಿಗೆ, ಕೈಗವಸಿಗೆ, ಅವರ ಕಾಯಿಲೆ ಕಸಾಲೆಗೆ ಹೋಗಬೇಕು. ಮಗ ಬಂದು ಸಾಕ್ಷಿಯಾಗಿ ಸಹಿ ಹಾಕಿದ. ಹಾಕಿ, “ಅಮ್ಮ, ನಾನು ಅವತ್ತು ಹಾಗೆ ಹೇಳಬಾರದಿತ್ತು ಅಲ್ವಾ?” ಎಂದು ತಲೆ ತಗ್ಗಿಸಿದ. “ನೀನು ಹೇಳಿದ್ದಕ್ಕೇ ಕಣೋ ನನಗೆ ಬುದ್ಧಿ ಬಂದಿದ್ದು” ಎಂದು ಅವಳು ಅವನ ಬೆನ್ನು ಸವರಿದಳು. ಹಿತ್ತಲ ಬಾಗಿಲ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಮುತವಲ್ಲಿಗಳ ಕೈಗಿಟ್ಟು, “ಇವತ್ತಿಂದ ಅದು ನನ್ನದಲ್ಲ, ದೇವರದು” ಎಂದು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿದಳು.

ಮಾರನೆಯ ಬೆಳಿಗ್ಗೆ ಮುತವಲ್ಲಿಗಳು ಬಂದು ಹಿತ್ತಲ ಬಾಗಿಲು ತೆರೆದರು. ಐದು ಜನ ಒಳಗೆ ಹೋದರು. ಅತ್ತೆ ಹೋಗಲಿಲ್ಲ. ಬಾಗಿಲ ಎದುರು ಓಣಿಯಾಚೆಯ ಗೋಡೆಗೆ ಒರಗಿ, ಬಿಸಿಲಲ್ಲಿ, ಗೋಣಿ ಹಾಸಿಕೊಂಡು ಒಂದು ಚೀಲ ಪ್ಲಾಸ್ಟಿಕ್ಕು ಮುಂದಿಟ್ಟುಕೊಂಡು ಕೂತಳು.

ಬಾಟ್ಲಿಯಕ್ಕ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. “ಇದೇನತ್ತೆ ಇದು?”

“ಕೊಟ್ಟಾಯ್ತಲ್ಲ. ದೇವರ ಜಾಗದಲ್ಲಿ ನಾನು ಹೊಟ್ಟೆಪಾಡು ಮಾಡ್ಕೊಂಡು ಕೂರೋಕಾಗುತ್ತಾ? ನೀವು ಕೂತ್ಕೊಳ್ಳಿ, ನಿಮಗೇ ಅಂತ ಕೊಟ್ಟಿದ್ದು.”

ಅವಳು ತಮಾಷೆಗೆ ಹೇಳಿದ್ದಲ್ಲ. ಚಿಕ್ಕಂದಿನಲ್ಲಿ ಅವಳಪ್ಪ ಮಸೀದಿಗೆ ಒಂದು ತಾಮ್ರದ ಹಂಡೆ ಕೊಟ್ಟಿದ್ದರಂತೆ. ಒಂದು ದಿನ ಮನೆಗೆ ನೆಂಟರು ಬಂದರೆಂದು ಅವಳು ಓಡಿಹೋಗಿ ಆ ಹಂಡೆಯನ್ನು ಎರವಲು ತಂದಳು. ಅಪ್ಪ ಒಂದು ಮಾತೂ ಬೈಯದೆ ಹಂಡೆಯನ್ನು ಅವಳ ತಲೆಯ ಮೇಲಿಟ್ಟು, ಕೈಹಿಡಿದು ನಡೆಸಿಕೊಂಡು ಹೋಗಿ ವಾಪಸು ಇಡಿಸಿದರಂತೆ. ಕೊಟ್ಟದ್ದರ ಮೇಲೆ ಮತ್ತೆ ಕೈ ಹಾಕಬಾರದು ಎಂಬುದು ಅವಳ ಮೂಳೆಗೆ ಇಳಿದದ್ದು ಹಾಗೆ. ಹಂಡೆಗೂ ಹಿತ್ತಲಿಗೂ ಇರುವ ವ್ಯತ್ಯಾಸ ಯಾರು ಹೇಳಿದರೂ ಆ ಮೂಳೆಗೆ ಕೇಳಿಸುತ್ತಿರಲಿಲ್ಲ.

ಹಟ ಎಂದರೆ ಅತ್ತೆಯದು. ಕುಡಿಯುವ ನೀರನ್ನೂ ಹಿತ್ತಲ ಡ್ರಮ್ಮಿನಿಂದ ಮುಟ್ಟಲಿಲ್ಲ, ಮನೆಯಿಂದ ತಂಬಿಗೆಯಲ್ಲಿ ತಂದುಕೊಂಡಳು. ಎರಡನೆಯ ದಿನ ಬಾಟ್ಲಿಯಕ್ಕ ಎಲ್ಲರನ್ನೂ ಕಟ್ಟಿಕೊಂಡು ಹೊರಗೆ ಬಂದು ಅವಳ ಪಕ್ಕದಲ್ಲಿ ಕೂತಳು. ಅತ್ತೆ ರೇಗಿ, “ನಿಮಗೆ ನೆರಳಾಗಲಿ ಅಂತ ನಾನು ಕೊಟ್ಟರೆ ನೀವು ಬಿಸಿಲು ಕಾಯಿಸ್ತೀರಾ?” ಎಂದು ಎಲ್ಲರನ್ನೂ ಒಳಗಟ್ಟಿದಳು. ಮೂರನೆಯ ದಿನ ಮಗ ಕೊಡೆ ತಂದುಕೊಟ್ಟ. ಗಾಳಿ ಬಂದಾಗಲೆಲ್ಲ ಅದು ಮುಗುಚಿಕೊಳ್ಳುತ್ತಿತ್ತು, ಹಗುರ ಪ್ಲಾಸ್ಟಿಕ್ಕೆಲ್ಲ ಓಣಿಯ ತುಂಬ ಹಾರುತ್ತಿತ್ತು. ಮೂವತ್ತೆಂಟು ವರ್ಷ ಬೀದಿ ಚೊಕ್ಕ ಮಾಡಿದವಳು ಈಗ ಅದೇ ಬೀದಿಯಲ್ಲಿ ಕವರುಗಳ ಹಿಂದೆ ಓಡುವುದನ್ನು ನೋಡಿ ಕಲ್ಲುಬೆಂಚಿನ ಗಂಡಸರು ನಕ್ಕರು. ನಕ್ಕವರ ಮನೆಯ ಔಷಧಿ ಚೀಟಿಗಳೆಲ್ಲ ಅವಳಿಗೆ ಗೊತ್ತಿದ್ದವು. ಆದರೂ ಬಾಯಿ ಬಿಡಲಿಲ್ಲ.

ಮೌಲ್ವಿಗಳು ಬಂದು ಮೊಣಕಾಲೂರಿ ಕೂತು ಹೇಳಿದರು. “ಕೊಟ್ಟವರು ಬದುಕಿರೋವರೆಗೂ ತಾವೂ ಅಲ್ಲಿ ಕೂರ್ತೀವಿ ಅಂತ ಷರತ್ತು ಹಾಕಬಹುದು ಅತ್ತೆ. ದೊಡ್ಡ ವಿದ್ವಾಂಸರೇ ಒಪ್ಪಿದಾರೆ. ಇನ್ನೊಂದು ಸಾಲು ಸೇರಿಸೋಣವಾ?”

“ಬೇಡಪ್ಪ. ಒಂದು ಕಾಲು ಒಳಗಿಟ್ಟುಕೊಂಡು ಕೊಡೋದೂ ಒಂದು ಕೊಡೋದಾ?”

ಬಾಯಲ್ಲಿ ಹಾಗಂದಳು. ಆದರೆ ಹೇಳಿಬಿಡುತ್ತೇನೆ, ಅವಳ ಹೊಟ್ಟೆ ಉರಿಯುತ್ತಿತ್ತು. ಚಪ್ಪರದ ಕೆಳಗೆ ಬಾಟ್ಲಿಯಕ್ಕ ಏನೋ ಹೇಳಿ ಎಲ್ಲರೂ ಬಿದ್ದುಬಿದ್ದು ನಕ್ಕಾಗ, ಏನೆಂದು ಕೇಳಿಸದೆ ಅವಳಿಗೆ ಅಳು ಬರುತ್ತಿತ್ತು. ಕೊಟ್ಟದ್ದಕ್ಕೆ ಒಂದಿಷ್ಟೂ ಪಶ್ಚಾತ್ತಾಪವಿರಲಿಲ್ಲ. ಆದರೆ ಆ ಸಾಲಿನಲ್ಲಿ, ಆ ಮಾತಿನ ನಡುವೆ ಕೂರುವುದೇ ತನ್ನ ಜೀವ ಎಂಬುದು ಎದ್ದು ಬಂದ ಮೇಲೆ ತಿಳಿಯಿತು. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಒಂದು ಸಲ ಅತ್ತಳು ಕೂಡ.

ಇತ್ತ ಮುತವಲ್ಲಿಗಳಿಗೆ ಬೇರೆ ಪಜೀತಿ. ಬೀಗದ ಕೈ ಅವರ ಬಳಿ ಇದ್ದುದರಿಂದ ದಿನಾ ಬೆಳಿಗ್ಗೆ ಬರಲೇಬೇಕು. ಮೊದಲ ದಿನ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಾಗಿಲು ತೆರೆದು ಓಡಿದ್ದರು. ನಾಲ್ಕನೆಯ ದಿನ ತಗಡಿನ ಡಬ್ಬಗಳ ನಡುವೆ ಒಂದು ಹಳೇ ಅಲಾರಂ ಗಡಿಯಾರ ಕಂಡು, ಅಲ್ಲೇ ಗೋಣಿಯ ಮೇಲೆ ಕೂತು, ಮಧ್ಯಾಹ್ನದವರೆಗೆ ಅದನ್ನು ಬಿಚ್ಚಿ ಜೋಡಿಸಿದರು. ಕರವಸ್ತ್ರ ಜೇಬಿನಲ್ಲೇ ಉಳಿಯಿತು. ಆದರೆ ಆಚೆ ಗೋಡೆಗೆ ಒರಗಿದ ಮುದುಕಿಯನ್ನು ದಾಟಿಕೊಂಡು ಹೋಗುವಾಗ ಅವರಿಗೆ ದಿನದಿನಕ್ಕೆ ಕಾಲು ಭಾರವಾಗುತ್ತಿತ್ತು. ಐದನೆಯ ದಿನ ಅವಳಿಗೆ ಕೆಮ್ಮು ಹತ್ತಿಕೊಂಡಿತು. ಏಳನೆಯ ದಿನ ಅವರು ಬೀರುವಿನಿಂದ ಆ ಕಾಗದವನ್ನೇ ತೆಗೆದುಕೊಂಡು ಬಂದರು. ಕೊಡೆಯ ಪಕ್ಕದಲ್ಲಿ ನಿಂತು, ಕನ್ನಡಕ ಏರಿಸಿ ಓದಿದರು.

“‘ಕಸ ವಿಂಗಡಿಸಿ ಬದುಕುವ ಯಾವ ಹೆಂಗಸು ಬಂದರೂ.’ ಇದನ್ನ ಬರೆಸಿದ್ದು ಯಾರು?”

“ನಾನೇ. ಆದರೆ ಅದು ಬೇರೆ ಹೆಂಗಸರಿಗೆ ಬರೆಸಿದ್ದು.”

“ಬೇರೆ ಅಂತ ಎಲ್ಲಿದೆ ತೋರಿಸಿ.”

ಅತ್ತೆ ಕಾಗದವನ್ನು ನೋಡಿದಳು. ಓದಲು ಬರುತ್ತಿರಲಿಲ್ಲ, ಆದರೂ ನೋಡಿದಳು.

“ನೋಡಿ ಅತ್ತೆ” ಎಂದರು ಮುತವಲ್ಲಿಗಳು, ಮೆಲ್ಲಗೆ. “ಈ ಜಾಗ ಕೊಟ್ಟವರ ಲೆಕ್ಕ ಅವತ್ತಿಗೇ ಮುಗೀತು, ಅವರು ಯಾರೋ ನನಗೆ ಗೊತ್ತಿಲ್ಲ. ಈಗ ಇದರ ಹೊಣೆ ನನ್ನದು. ಕಸ ಆಯೋ ಹೆಂಗಸೊಬ್ಬಳು ಏಳು ದಿನದಿಂದ ಬಾಗಿಲ ಹೊರಗೆ ಬಿಸಿಲಲ್ಲಿ ಕೂತು ಕೆಮ್ಮುತ್ತಿದಾಳೆ. ಒಳಗೆ ಯಾಕೆ ಕರೀಲಿಲ್ಲ ಅಂತ ನಾಳೆ ದೇವರು ಕೇಳೋದು ನನ್ನನ್ನ, ನಿಮ್ಮನ್ನಲ್ಲ.”

ತನ್ನ ಬಗ್ಗೆ ಯಾರೇನು ಹೇಳಿದರೂ ಕೇಳದ ಅತ್ತೆ, ತನ್ನಿಂದ ಇನ್ನೊಬ್ಬರ ತಲೆಗೆ ಪಾಪ ಸುತ್ತಿಕೊಳ್ಳುತ್ತದೆ ಎಂದಾಗ ಗಲಿಬಿಲಿಗೊಂಡಳು. ಪ್ಲಾಸ್ಟಿಕ್ಕಿನ ಚೀಲದ ಬಾಯಿ ಕಟ್ಟಿದಳು.

“ಹಾಗಾದರೆ ಎಲ್ಲರನ್ನ ಕೇಳೋ ಹಾಗೇ ಕೇಳಿ ನನ್ನ.”

“ಏನು ಕೆಲಸ ಮಾಡ್ತೀರಿ?”

“ಕಸ ವಿಂಗಡಿಸ್ತೀನಿ.”

“ಇನ್ನೇನನ್ನೂ ನಾನು ಕೇಳೋ ಹಾಗಿಲ್ಲ. ಬನ್ನಿ ಒಳಗೆ” ಎಂದು ಮುತವಲ್ಲಿಗಳು ಅವಳ ಪ್ಲಾಸ್ಟಿಕ್ಕಿನ ಚೀಲವನ್ನು ತಾವೇ ಎತ್ತಿಕೊಂಡರು. ಇಸ್ತ್ರಿ ಮಾಡಿದ ಅವರ ಅಂಗಿಗೆ ಏನೋ ಅಂಟಿಕೊಂಡಿತು. ಊದಲಿಲ್ಲ.

ಚಪ್ಪರದ ಕೆಳಗೆ ಆರು ಜನರಿಗೆ ಸಾಕಾಗುವಷ್ಟೇ ನೆರಳು. ಏಳು ದಿನದಿಂದ ಬಾಟ್ಲಿಯಕ್ಕ ಅತ್ತೆಯ ಜಾಗವನ್ನು ಖಾಲಿ ಬಿಟ್ಟುಕೊಂಡು ಕಾದಿದ್ದಳು. ಆದರೆ ಅವತ್ತು ಬೆಳಿಗ್ಗೆಯಷ್ಟೇ ಊರಾಚೆಯ ರಾಶಿಯಿಂದ ಒಬ್ಬ ಹೊಸ ಹೆಂಗಸು ಚೀಲ ಹೊತ್ತುಕೊಂಡು ಬಂದಿದ್ದಳು. ಕಾಗದದ ಪ್ರಕಾರ ಅವಳನ್ನು ಕೂರಿಸಲೇಬೇಕು, ಉಳಿದಿದ್ದ ಜಾಗ ಅದೊಂದೇ. ಅತ್ತೆ ಒಳಗೆ ಬಂದದ್ದು ಕಂಡು ಬಾಟ್ಲಿಯಕ್ಕ ಗಾಬರಿಯಿಂದ ಆ ಹೆಂಗಸಿನ ಭುಜಕ್ಕೆ ಕೈ ಹಾಕಲು ಹೋದಳು. ಅತ್ತೆ ಕಣ್ಣು ಬಿಟ್ಟು ಒಂದೇ ಒಂದು ನೋಟ ನೋಡಿದಳು. ಬಾಟ್ಲಿಯಕ್ಕನ ಕೈ ಅಲ್ಲೇ ನಿಂತಿತು, ಬಾಯಿಗೂ ಬೀಗ ಬಿತ್ತು.

ಹೊಸ ಹೆಂಗಸು ತಲೆಯೆತ್ತಿದಳು. ಮೂವತ್ತರ ಒಳಗಿನವಳು, ಬಿಸಿಲಿಗೆ ಸುಟ್ಟ ಮುಖ.

“ನೀವೂ ಹೊಸಬರಾ ಅಜ್ಜಿ?”

“ಹೂಂ” ಎಂದಳು ಅತ್ತೆ. “ಇವತ್ತೇ ಬಂದೆ.”

ಆ ಹೆಂಗಸು ಪಕ್ಕಕ್ಕೆ ಸರಿದು ತನ್ನ ಗೋಣಿಯ ಅರ್ಧವನ್ನು ಕೈಯಿಂದ ತಟ್ಟಿ ಬಿಡಿಸಿ ಹಾಸಿದಳು. “ಬೆಳಿಗ್ಗೆಯಿಂದ ನೋಡ್ತಿದ್ದೆ, ಹೊರಗೇ ಕೂತಿದ್ರಿ. ಪಾಪ, ಒಳಗೆ ಬರೋಕೆ ಹೆದರಿಕೊಂಡಿದಾರೆ ಅಂದ್ಕೊಂಡೆ. ನಾನೂ ಬಾಗಿಲವರೆಗೆ ಬಂದು ಎರಡು ಸಲ ತಿರುಗಿ ಹೋಗಿದ್ದೆ.” ಆಮೇಲೆ ಅತ್ತೆಯ ಕಿವಿಯ ಹತ್ತಿರ ಬಗ್ಗಿ, ಗುಟ್ಟು ಹೇಳುವವಳ ಹಾಗೆ ಹೇಳಿದಳು. “ಹೆದರಬೇಡಿ. ಇಲ್ಲಿಂದ ನಮ್ಮನ್ನ ಯಾರೂ ಎಬ್ಬಿಸೋ ಹಾಗಿಲ್ಲವಂತೆ. ಸಾಯೋವರೆಗೂ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಆ ಅರ್ಧ ಗೋಣಿಯ ಮೇಲೆ ಕಾಲು ಮಡಚಿ ಕೂತಳು.